ಕಿಂಡಿಯ ಆಚೆ ಧರ್ಮೇಶ

ನಮ್ಮ ಬೇಟೆ ಅರಮನೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಊರಿನವರು ಮಾತ್ರ ಈ ಕಡೆ ತಲೆ ಹಾಕಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ. ಆ ಧರ್ಮೇಶನೂ ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ಅದೇ ನನಗೆ ಅನುಕೂಲವಾಯ್ತು.

ನಾನಿಲ್ಲಿ ಹೊಸದಾಗಿ ಸೇರಿದ ಗೈಡು. ನಮ್ಮಕ್ಕ ಶರ್ಮಿಳಾಗೂ ಅವನಿಗೂ ಹೋದ ವರ್ಷ ಮದುವೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಹಂಚಿದ ಮೇಲೆ, ಹುಡುಗಿಗೆ ಮೂರ್ಛೆ ಬರುತ್ತೆ ಅಂತ ಊರೆಲ್ಲ ಸಾರಿ ಕೈ ತೊಳ್ಕೊಂಡ. ಅಪ್ಪಟ ಸುಳ್ಳು! ಆಮೇಲೆ ನಮ್ಮ ಮನೆಗೆ ಒಂದು ಗಂಡೂ ಬರಲಿಲ್ಲ. ಅಕ್ಕ ಸಂತೆಗೆ ಹೋಗೋದನ್ನೂ ಬಿಟ್ಟಳು. ಅವನ ಮನೆ ಹಾಳಾಗ ಅಂತ ನಾನು ದಿನಾ ಶಪಿಸ್ತಿದ್ದೆ.

ಮೊನ್ನೆ ಭಾನುವಾರ ಅದೇ ಮಹಾರಾಯ ಹೊಸ ಬೀಗರಿಗೆ ಅರಮನೆ ತೋರಿಸೋಕೆ ಬಂದ! ಹುಡುಗಿ ಹರ್ಷಿತಾ, ಅವಳಪ್ಪ ಜಯಪ್ಪನವರು, ಜೊತೆಗೆ ನಾಲ್ಕೈದು ನೆಂಟರು. ನನ್ನನ್ನು ಕಂಡು ಮುಖ ಹುಳ್ಳಗೆ ಮಾಡ್ಕೊಂಡು, ಫೋನ್ ಬಂತು ಅಂತ ಅಂಗಳದಲ್ಲೇ ಉಳಿದ.

ರಾಣಿವಾಸ, ಗೋಡೆಯ ಚಿತ್ರ, ಮರದ ಕಂಬ ಎಲ್ಲ ತೋರಿಸಿ, ಬೀಗರನ್ನು ಕತ್ತಲೆ ಕೋಣೆಗೆ ಬಿಟ್ಟೆ. ಅಲ್ಲಿ ಗೋಡೇಲಿ ಬೆರಳಗಲದ ಕಿಂಡಿಗಳಿವೆ.

"ರಾಜರು ಇಲ್ಲಿ ಕೂತು ಮಂತ್ರಿಗಳ ಗುಟ್ಟು ಕೇಳ್ತಿದ್ರಂತೆ. ಅಂಗಳದಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ. ನಾನು ಹೊರಗೆ ಹೋಗಿ ಮಾತಾಡ್ತೀನಿ, ನೀವು ಉಸಿರೆತ್ತಬೇಡಿ" ಅಂದೆ. ಬಂದವರಿಗೆಲ್ಲ ಇದನ್ನು ಹೀಗೇ ತೋರಿಸೋದು.

ಹೋಗಿ ಧರ್ಮೇಶನ ಎದುರು ನಿಂತೆ. "ನಮ್ಮಕ್ಕನಿಗೆ ಯಾವ ಮೂರ್ಛೆ ಬರ್ತಿತ್ತೋ?"

"ಮೆಲ್ಲಗೆ ಮಾತಾಡು ಮಾರಾಯ್ತಿ! ಬರ್ತಿರ್ಲಿಲ್ಲ, ಆಯ್ತಾ? ಕಾರಣ ಹೇಳ್ದೆ ಮದುವೆ ಮುರಿದಿದ್ರೆ ನಿಮ್ಮಪ್ಪ ಪಂಚಾಯ್ತಿ ಸೇರಿಸ್ತಿದ್ದ. ಹರ್ಷಿತಾ ಒಬ್ಬಳೇ ಮಗಳು ಕಣೇ, ಎಸ್ಟೇಟೆಲ್ಲ ಅವಳಿಗೇ. ತಾಳಿ ಕಟ್ಟೋದೊಂದು ಆಗ್ಲಿ, ಆ ಮುದುಕನ್ನ ಮೂಲೇಲಿ ಕೂರಿಸ್ತೀನಿ. ನಿಂಗೇನು ಬೇಕು ಹೇಳು."

"ಬೇಕಾದ್ದು ಸಿಕ್ತು" ಅಂದೆ.

ಜಯಪ್ಪನವರು ಹೊರಗೆ ಬಂದವರೇ ಪಟಾರಂತ ಅವನ ಕೆನ್ನೆಗೆ ಬಾರಿಸಿದ್ರು. ನೆಂಟರೆಲ್ಲ ಮುತ್ಕೊಂಡು ಉಗಿದ್ರು. ಅಬ್ಬಾ, ಹೊಟ್ಟೆ ತಣ್ಣಗಾಯ್ತು!

ಹರ್ಷಿತಾ ಮಾತ್ರ ನೇರ ನನ್ನ ಹತ್ರ ಬಂದಳು. "ಗೇಟಿನ ಹತ್ರಾನೇ ನನ್ನೊಬ್ಬಳನ್ನ ಕರೆದು ಹೇಳಬಹುದಿತ್ತಲ್ಲ ಅಕ್ಕಾ. ನಮ್ಮ ನೆಂಟರೆಲ್ಲರ ಮುಂದೆ ಯಾಕೆ?"

"ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ. ಆದ್ರೆ ನೀವು ಹೀಗೆ ಮಾಡಿದ್ದು ಅದಕ್ಕಲ್ಲ."

ನಿಜ. ಅವಳ ಗತಿ ಏನು ಅನ್ನೋ ಯೋಚನೆಯೇ ನನಗೆ ಬಂದಿರಲಿಲ್ಲ. ನೆಂಟರು ಆಗಲೇ ಅವಳನ್ನು ನೋಡಿ ಗುಸುಗುಸು ಶುರುಮಾಡಿದ್ರು, ಅಕ್ಕನನ್ನು ನೋಡಿ ನಮ್ಮ ಊರು ಮಾಡಿದ ಹಾಗೇ. ಧರ್ಮೇಶ ಇನ್ನೊಮ್ಮೆ ಕೈಗೆ ಸಿಕ್ಕರೂ ನಾನು ಬಿಡುವವಳಲ್ಲ. ಆದರೆ ಆ ಹುಡುಗಿಯ ಮುಖ ನೋಡ್ಕೊಂಡು ಗೇಟಿನವರೆಗೆ ಹೋಗಿ ಕಳಿಸಿಕೊಡೋಕೆ ನನ್ನ ಕೈಲಿ ಆಗಲಿಲ್ಲ.