ತಿಪ್ಪೇರುದ್ರಪ್ಪನವರ ಪುಟ

ಮರುಳಸಿದ್ದಮ್ಮ ಟೀಚರ್ ಬುಧವಾರ ಬೆಳಿಗ್ಗೆ ಫೋನ್ ಮಾಡಿದಾಗ ನಾನು ಚಿತ್ರದುರ್ಗದಲ್ಲಿ, ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದೆ.

"ಪಲ್ಲವಿ ಮೇಡಂ, ನನ್ನ ಪದಗಳು ಕಾಣ್ತಿಲ್ಲ."

ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಮಾತಾಡುವ ಹೆಂಗಸು. ಅವತ್ತು ದನಿ ಸಣ್ಣದಾಗಿತ್ತು. ಏನು ಮಾಡಿದಿರಿ ಎಂದು ಕೇಳಿದೆ.

"ಕಟ್ಟೇಲಿ ಹೇಳಿದಂಗೇ ಮಾಡ್ದೆ ಮೇಡಂ. ಏಳನೇ ಹೆಜ್ಜೆವರೆಗೂ."

ಏಳನೇ ಹೆಜ್ಜೆ ಅಂದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಪೆನ್ನು ಮುಚ್ಚಿ ಪಕ್ಕಕ್ಕಿಟ್ಟೆ.

ಕಟ್ಟೆ ಎಂದರೆ 'ಕೋಡ್ ಕಟ್ಟೆ'. ಪ್ರೋಗ್ರಾಮಿಂಗನ್ನು ಕನ್ನಡದಲ್ಲೇ ಕಲಿಯಬೇಕು ಅನ್ನುವವರಿಗಾಗಿ ನಾವು ನಾಲ್ಕಾರು ಜನ ಹತ್ತು ವರ್ಷದ ಹಿಂದೆ ಶುರು ಮಾಡಿದ ವೆಬ್‌ಸೈಟು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಕೇಳಬಹುದು. ಈಗ ಅದನ್ನು ನೋಡಿಕೊಳ್ಳುವುದು ನಾನು ಮತ್ತು ಹೊಳಲ್ಕೆರೆಯ ಮುರುಗೇಶ. ನೋಡಿಕೊಳ್ಳುವುದು ಎಂಬ ಮಾತೂ ದೊಡ್ಡದೇ. ಆರುನೂರು ಪುಟಗಳಲ್ಲಿ ನಾನೂರು ಹಳಸಿವೆ. ಪ್ರೋಗ್ರಾಮುಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ನಮ್ಮ ಪುಟಗಳು ಮಾತ್ರ ಬರೆದ ದಿನ ಹೇಗಿದ್ದವೋ ಹಾಗೇ ಇವೆ.

ಯಾಕೆ ಹಾಗೇ ಇವೆ ಎಂದರೆ, ನಮ್ಮಲ್ಲಿ ಯಾರೂ ಯಾರ ಪುಟವನ್ನೂ ಮುಟ್ಟುವುದಿಲ್ಲ. ಅದರಲ್ಲೂ ಹಿರಿಯರು ಬರೆದದ್ದನ್ನು. ಇಂಥದ್ದೊಂದು ನಿಯಮವನ್ನು ಯಾರೂ ಮಾಡಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ತಪ್ಪು ಕಂಡರೆ ಪುಟದ ಕೆಳಗೆ, ಬರೆದವರ ಹೆಸರಿಗಿಂತಲೂ ಕೆಳಗೆ, 'ಗುರುಗಳ ಕ್ಷಮೆ ಕೋರಿ' ಎಂದು ಶುರು ಮಾಡಿ ಒಂದು ಟಿಪ್ಪಣಿ ಹಾಕುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ಓದುವವನು ಎಲ್ಲ ಹೆಜ್ಜೆ ಮುಗಿಸಿ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾನೆ.

ತಿಪ್ಪೇರುದ್ರಪ್ಪ ಸರ್ ಬರೆದ ಪುಟ ಅಂಥದ್ದು. ಹಿರಿಯೂರಿನವರು, ನಮಗೆಲ್ಲ ಪಾಠ ಹೇಳಿದ ಮೇಷ್ಟ್ರು, ಈಗ ನಿವೃತ್ತರು. ಮಾಹಿತಿ ಕೂಡಿಡುವ ಒಂದು ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಬದಲಾಯಿಸುವುದು ಹೇಗೆಂದು ಒಂಬತ್ತು ಹೆಜ್ಜೆಗಳಲ್ಲಿ ಬರೆದಿದ್ದರು. ಏಳನೆಯದು: 'ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ.' ಅವರು ಬರೆದಾಗ ಅದು ಸರಿಯಾಗಿಯೇ ಇತ್ತು. ಆಗ ಮಾಹಿತಿ ಬೇರೆ ಕಡೆ ಇರುತ್ತಿತ್ತು. ಆಮೇಲೆ ಬಂದ ಆವೃತ್ತಿಗಳಲ್ಲಿ ಮಾಹಿತಿಯೂ ಅದೇ ಫೋಲ್ಡರಿನಲ್ಲಿರುತ್ತದೆ. ಅಳಿಸಿದರೆ ಎಲ್ಲವೂ ಹೋಯಿತು.

ಈಚೆಗೆ ಅದರ ಬದಲಿಗೆ ನಾನು ಹೊಸ ಪುಟ ಬರೆದಿದ್ದೆ. ಅದನ್ನು ಓದಿದವರು ಹನ್ನೊಂದು ಜನ. ಹುಡುಕಿದರೆ ಮೊದಲು ಸಿಗುವುದು ಸರ್ ಪುಟವೇ. ಅದರ ಕೆಳಗೆ ಇನ್ನೂರಕ್ಕೂ ಹೆಚ್ಚು ಪ್ರತಿಕ್ರಿಯೆಗಳು, ಮುಕ್ಕಾಲು ಪಾಲು ಕೈಮುಗಿದ ಚಿತ್ರಗಳೇ.

ಮರುಳಸಿದ್ದಮ್ಮ ಬಿ.ದುರ್ಗದ ಶಾಲೆಯಲ್ಲಿ ಕನ್ನಡ ಟೀಚರು. ನಲವತ್ತೆಂಟನೇ ವಯಸ್ಸಿನಲ್ಲಿ ನಮ್ಮ ಕಟ್ಟೆಯಿಂದಲೇ ಪ್ರೋಗ್ರಾಮಿಂಗ್ ಕಲಿತು, ಸುತ್ತಲ ಊರುಗಳ ಅಜ್ಜಿಯರ ಬಾಯಲ್ಲಿರುವ ಮಾತುಗಳಿಗೆ ಒಂದು ಪದಕೋಶ ಕಟ್ಟುತ್ತಿದ್ದರು. ದನದ ಕಾಯಿಲೆಗಳ ಹೆಸರು, ಕಾಳು ಕೇರುವಾಗಿನ ಮಾತು, ಬಾಣಂತಿಯ ಕೋಣೆಯ ಮಾತು. ಮೂರು ವರ್ಷ, ಸಾವಿರದ ಮುನ್ನೂರು ಪದ. ಹೇಳಿದವರಲ್ಲಿ ಎಂಬತ್ತು ದಾಟಿದವರೇ ಹೆಚ್ಚು. ಅವರೆದುರು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನೇರವಾಗಿ ಟೈಪ್ ಮಾಡಿದ್ದು, ಕಾಗದದಲ್ಲಿ ಏನೂ ಇಲ್ಲ.

"ಇನ್ನೊಂದು ಪ್ರತಿ ಇಟ್ಟಿದ್ರಾ?" ಎಂದು ಕೇಳಿದೆ.

"ಇಟ್ಟಿದ್ದೆ ಮೇಡಂ. ಅದೇ ಫೋಲ್ಡರಿನಾಗೆ."

ಮುರುಗೇಶ ಅವತ್ತೇ ಹೊಳಲ್ಕೆರೆಯಿಂದ ಬಿ.ದುರ್ಗಕ್ಕೆ ಹೋಗಿ ಸಂಜೆಯವರೆಗೂ ಒದ್ದಾಡಿದ. ಒಂದಕ್ಷರವೂ ಸಿಗಲಿಲ್ಲ. ಫೋನಿನಲ್ಲಿ ಹೇಳುವಾಗ ಅವನೂ ಸೋತುಹೋಗಿದ್ದ.

"ಲೇ ಮುರುಗೇಶ, ಆ ಪುಟ ಇವತ್ತೇ ತೆಗೆದುಹಾಕು" ಅಂದೆ.

"ಸಾರ್‌ನ ಒಂದು ಮಾತು ಕೇಳದೆ ಹೆಂಗಕ್ಕ ತೆಗಿಯೋದು? ಬೇಜಾರು ಮಾಡ್ಕಂತಾರೆ. ಮೊದ್ಲೇ ಬಿಪಿ ಐತೆ."

"ಟೀಚರಮ್ಮನ ಮೂರು ವರ್ಷ ಹೋಯ್ತಲ್ಲೋ."

"ಹೌದಕ್ಕ, ಆದ್ರೂ ಗುರುಗಳಲ್ವಾ."

ನನಗೆ ತಲೆಕೆಟ್ಟುಹೋಯಿತು. ಬೈದು ಫೋನ್ ಇಟ್ಟೆ. ಇಟ್ಟ ಮೇಲೆ ನಾನೇ ತೆಗೆಯಬಹುದಿತ್ತು. ನನ್ನ ಬಳಿಯೂ ಅಷ್ಟೇ ಅಧಿಕಾರವಿದೆ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಲಿಲ್ಲ. ಭಾನುವಾರ ಹಿರಿಯೂರಿಗೆ ಹೋಗಿ ಕೇಳಿಯೇ ತೆಗೆಯೋಣ ಎಂದುಕೊಂಡೆ. ಮುರುಗೇಶನನ್ನು ಯಾವ ಬಾಯಲ್ಲಿ ಬೈದೆನೋ.

ಭಾನುವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. 'ಸರ್, ನಿಮ್ಮ ಪುಟ ಬಹಳ ಜನಕ್ಕೆ ದಾರಿ ತೋರಿಸಿದೆ, ಆದರೆ ಕಾಲ ಬದಲಾಗಿದೆ' ಎಂದು ಶುರು ಮಾಡಬೇಕು. ಹಿರಿಯೂರು ಬರುವಷ್ಟರಲ್ಲಿ ಆ ಮಾತಿನಿಂದ ನನಗೇ ವಾಕರಿಕೆ ಬಂದಿತ್ತು.

ಸರ್ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಬಾರಮ್ಮ ಪಲ್ಲವಿ, ಕುಂತ್ಕ" ಎಂದು ಚಾಪೆ ಸರಿಸಿದರು. ಜೋಡಿಸಿಕೊಂಡು ಬಂದದ್ದರಲ್ಲಿ ಅರ್ಧ ಹೇಳುವಷ್ಟರಲ್ಲಿ ಕೈಯೆತ್ತಿ ತಡೆದರು.

"ಆ ಪುಟ ಇನ್ನೂ ಐತಾ?"

"ಇದೆ ಸರ್."

"ಆರು ವರ್ಷದಿಂದ ತೆಗೀರಿ ಅಂತಿದ್ದೀನಲ್ಲಮ್ಮ."

ನನಗೆ ಅರ್ಥವಾಗಲಿಲ್ಲ. ಅವರು ಒಳಗಿನಿಂದ ಲ್ಯಾಪ್‌ಟಾಪ್ ತಂದು ಪುಟ ತೆಗೆದರು. ಪ್ರತಿಕ್ರಿಯೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿ ಬೆರಳಿಟ್ಟು ತೋರಿಸಿದರು. ಅವರದೇ ಹೆಸರು. 'ಏಳನೇ ಹೆಜ್ಜೆ ಈಗ ಅಪಾಯ. ಈ ಪುಟ ತೆಗೆಯಿರಿ. ನನ್ನ ಹಳೆಯ ಇ-ಮೇಲ್ ನಿಂತುಹೋಗಿರುವುದರಿಂದ ನಾನೇ ತಿದ್ದಲು ಆಗುತ್ತಿಲ್ಲ.' ಕೆಳಗೆ ಉತ್ತರಗಳ ಸಾಲು. 'ಎಂಥ ದೊಡ್ಡ ಗುಣ ಗುರುಗಳೇ.' 'ನಿಮ್ಮ ಪುಟವಿಲ್ಲದೆ ಕಟ್ಟೆಯೇ ಇಲ್ಲ.' ಎಂಟು ತಿಂಗಳ ನಂತರ ಮತ್ತೆ ಬರೆದಿದ್ದರು, ಆ ಮರುವರ್ಷ ಇನ್ನೊಮ್ಮೆ. ಮತ್ತೆ ಅವೇ ಕೈಮುಗಿದ ಚಿತ್ರಗಳು.

"ಮುರುಗೇಶಂಗೆ ಫೋನಲ್ಲೂ ಹೇಳ್ದೆ. ನೀವು ಹಂಗೇ ಅಂತೀರ ಬಿಡ್ರಿ ಸಾರ್ ಅಂದ. ತಪ್ಪೈತೆ ಅಂದ್ರೆ ತಪ್ಪೈತೆ ಅಂತ್ಲೇ ಅರ್ಥ ಕಣಮ್ಮ. ನಾನೇನು ದೊಡ್ಡಸ್ತಿಕೆಗೆ ಹೇಳಿದ್ನಾ?"

ಅವರ ಮೊದಲ ಮಾತಿಗೆ ಬಂದಿದ್ದ ಮೊದಲ ಉತ್ತರವನ್ನು ಅವರು ಬೆರಳಿಟ್ಟು ತೋರಿಸಲಿಲ್ಲ. ನಾನು ಓದಿದೆ. 'ನಿಮ್ಮ ವಿನಯಕ್ಕೆ ಶರಣು ಸರ್.' ಬರೆದವಳು ಪಲ್ಲವಿ. ನಾನೇ. ಅವರು ಬರೆದದ್ದನ್ನು ಅವತ್ತು ಓದಿದ್ದೆ, ಉತ್ತರವನ್ನೂ ಕೊಟ್ಟಿದ್ದೆ, ಆದರೆ ಅದು ಹೇಳುತ್ತಿದ್ದದ್ದು ಏನೆಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಇಷ್ಟು ದಿನ ಎಲ್ಲರ ಮೇಲೂ ಹರಿಹಾಯುತ್ತಿದ್ದ ಸಿಟ್ಟಿಗೆ ಕೊನೆಗೆ ಸರಿಯಾದ ವಿಳಾಸ ಸಿಕ್ಕಿತ್ತು.

ಅಲ್ಲೇ, ಅವರ ಲ್ಯಾಪ್‌ಟಾಪಿನಲ್ಲೇ, ನನ್ನ ಹೆಸರಿನಲ್ಲಿ ಒಳಗೆ ಹೋಗಿ ಪುಟ ಅಳಿಸಿದೆ. ಖಚಿತವೇ ಎಂದು ಕೇಳಿತು. "ಒತ್ತಮ್ಮ" ಅಂದರು ಸರ್. ಎರಡು ಸೆಕೆಂಡಿನ ಕೆಲಸ.

"ಆ ಟೀಚರಮ್ಮಂಗೆ ಫೋನ್ ಹಚ್ಚು. ನಾನೇ ಮಾತಾಡ್ತೀನಿ."

ಹಚ್ಚಿ ಸ್ಪೀಕರ್ ಹಾಕಿ ಕೊಟ್ಟೆ.

"ನಾನಮ್ಮ, ಹಿರಿಯೂರಿನ ತಿಪ್ಪೇರುದ್ರಪ್ಪ. ನಾನು ಬರ್ದಿದ್ದು ನೋಡಿ ನಿಮ್ಮ ಕೆಲ್ಸ ಹಾಳಾತಂತೆ. ತಪ್ಪು ನಂದು."

ಆ ಕಡೆ ಕುರ್ಚಿ ಸರಿದ ಸದ್ದು. ಎದ್ದು ನಿಂತರು ಅಂತ ಕಾಣುತ್ತದೆ.

"ಅಯ್ಯೋ ಸಾರ್, ಹಂಗನ್ಬ್ಯಾಡ್ರಿ. ನೀವು ಬರ್ದಿದ್ದು ತಪ್ಪಾಗ್ತೈತಾ? ನಾನೇ ಸರಿಯಾಗಿ ಓದ್ಲಿಲ್ಲ."

"ಸರಿಯಾಗೇ ಓದಿದ್ದೀಯಮ್ಮ. ಅದಕ್ಕೇ ಹೋಗಿದ್ದು."

"ಇಲ್ಲ ಸಾರ್, ನಂದೇ ಕೈತಪ್ಪು. ನೀವೇ ಫೋನ್ ಮಾಡಿದ್ರಲ್ಲ, ಅಷ್ಟು ಸಾಕು ನಂಗೆ."

ಸರ್ ಇನ್ನೊಮ್ಮೆ ಹೇಳಲು ಹೋದರು. ಆಕೆ ಇನ್ನೊಮ್ಮೆ ಸಮಾಧಾನ ಮಾಡಿದರು. ಮೂರನೇ ಸಲಕ್ಕೆ ಸರ್ ಫೋನನ್ನು ನನ್ನ ಕೈಗೆ ಕೊಟ್ಟು ಸೊಪ್ಪಿನ ಕಡೆ ತಿರುಗಿದರು.

"ಟೀಚರ್, ನಾನು ಪಲ್ಲವಿ" ಅಂದೆ. "ಸಾರ್ ಈ ಪುಟ ತೆಗೀರಿ ಅಂತ ಆರು ವರ್ಷದ ಹಿಂದೇನೇ ಬರ್ದಿದ್ರು. ನಾನು ಓದಿದ್ದೆ. ಓದಿ, ಕೈಮುಗ್ದು, ಸುಮ್ನಾದೆ. ಅವರಿಗೆ ಸಮಾಧಾನ ಹೇಳಿದಂಗೆ ನನಗೆ ಹೇಳ್ಬ್ಯಾಡ್ರಿ."

ಈ ಸಲ ಮರುಳಸಿದ್ದಮ್ಮನ ದನಿ ಬಂತು, ಕೊನೆಯ ಬೆಂಚಿಗೂ ಕೇಳುವಂಥ ಅವರ ನಿಜವಾದ ದನಿ.

"ಉಳಿದೋರ ಹತ್ರ ಇನ್ನೊಂದ್ಸಲ ಹೋಗಿ ಕೇಳ್ತೀನಿ ಮೇಡಂ, ಹೇಳ್ತಾರೆ. ಆದ್ರೆ ಹನುಮಮ್ಮ ಶ್ರಾವಣದಾಗೆ ತೀರ್ಕೊಂಡ್ಳು. ಆಕೆ ಒಬ್ಬಳೇ ಇನ್ನೂರು ಪದ ಹೇಳಿದ್ಲು. ಅವನ್ನ ಈಗ ನಾನು ಯಾರ ಹತ್ರ ಹೋಗಿ ಕೇಳ್ಲಿ? ನೀವೇ ಹೇಳ್ರಿ."

ಸರ್ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು.