ವಿಮಾನದ ಬಯಲಲ್ಲಿ ಹಕ್ಕಲು

"ಏಳೇ, ಬೋಳಿಮುಂಡೆ! ನಿಮ್ಮಪ್ಪ ಹಾಸಿಕೊಟ್ಟ ಅಂಗಳ ಅಂತ ತಿಳ್ಕಂಡೀಯೇನು?"

ಹೌದು, ನಮ್ಮತ್ತೆ ವೀರಮ್ಮನ ಅಪ್ಪನೇ ಹಾಸಿಕೊಟ್ಟದ್ದು. ಆದರೆ ಕೊಟ್ರೇಶನಿಗೆ ಅದನ್ನು ಹೇಳುವವರು ಯಾರು? ಅವನು ಸದಾಶಿವಪ್ಪ ಗೌಡರ ಆಳುಗಳ ಮೇಸ್ತ್ರಿ. ಬೂಟುಗಾಲಲ್ಲಿ ನಮ್ಮ ಮೆಕ್ಕೆಜೋಳದ ಮೇಲೆಯೇ ನಿಂತು ಕೂಗುತ್ತಿದ್ದ.

ಗುಡ್ಡದಲ್ಲಿ ಮ್ಯಾಂಗನೀಸ್ ಗಣಿ ನಡೆಯುತ್ತಿದ್ದಾಗ ಕಂಪನಿಯ ಸಾಹೇಬರಿಗೆ ಸೊರಬದ ಕೆಸರು ದಾರಿಯಲ್ಲಿ ಬರುವುದೆಂದರೆ ಮೈ ನೋವಂತೆ. ಅದಕ್ಕೇ ಅವರ ವಿಮಾನ ಇಳಿಯಲು ಈ ಬಯಲು. ನಮ್ಮ ಕೇರಿಯವರೇ ಜಲ್ಲಿ ಹೊತ್ತರು, ದಮ್ಮಸು ಹಾಕಿದರು, ಅರ್ಧ ಮೈಲಿ ಟಾರು ಬಳಿದರು. ಗಣಿ ಮುಚ್ಚಿದ ಮೇಲೆ ಅಲ್ಲಿನ ಮನೆಗಳ ಬಾಗಿಲು, ಹಂಚು ಎಲ್ಲಾ ಗೌಡರ ಹಿತ್ತಿಲು ಸೇರಿದವು. ಬಯಲನ್ನು ಮಾತ್ರ ಹೊತ್ತೊಯ್ಯಲು ಆಗಲಿಲ್ಲ. ಕಣವಿಲ್ಲದ ನಮಗೆ ಅದೇ ಕಣವಾಯಿತು.

ಅಲ್ಲಿ ನಾವು ಒಣಗಿಸುತ್ತಿದ್ದದ್ದು ಹಕ್ಕಲು. ಕೊಯ್ಲು ಮುಗಿದು ಒಡೆಯನ ಗಾಡಿ ಹೊಲ ದಾಟಿತೋ, ಆಮೇಲೆ ನೆಲದಲ್ಲಿ ಉಳಿದದ್ದು ಆಯ್ದವರದು. ನಮ್ಮ ಸೀಮೆಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಇದನ್ನು ಗೌಡರೂ ಮೀರಿದವರಲ್ಲ. ನಾನು, ಅತ್ತೆ, ಯಮುನಮ್ಮ, ಬಸವಣ್ಣೆಮ್ಮ ಹದಿನೈದು ದಿನ ಸೊಂಟ ಬಗ್ಗಿಸಿ ತೆನೆ ಆಯ್ದಿದ್ದೆವು. ಕಾಳು ಬಿಡಿಸಿದ ಮರುದಿನವೇ ಅಕಾಲ ಮಳೆ. ನೆನೆದ ಕಾಳು ಹುಳಿ ವಾಸನೆ ಹೊಡೆಯುತ್ತಿತ್ತು. ಅವತ್ತಿನ ಬಿಸಿಲು ತಪ್ಪಿದರೆ ಬೂಷ್ಟು ಹಿಡಿದು ದನವೂ ಮೂಸುವುದಿಲ್ಲ. ಮುಂದಿನ ಮಳೆಗಾಲ ಪೂರ್ತಿ ಮಕ್ಕಳಿಗೆ ಕುಡಿಸುವ ಅಂಬಲಿ ಅಲ್ಲಿ ಹರಡಿಕೊಂಡಿತ್ತು.

ಅವತ್ತೇ ಮಂತ್ರಿಯ ಸವಾರಿ. ಬಯಲಿನ ಪಕ್ಕ ಗೌಡರು ಕಟ್ಟಿಸಿದ ಗೋಡೌನಿನ ಉದ್ಘಾಟನೆಗೆ ಹೆಲಿಕಾಪ್ಟರಿನಲ್ಲಿ ಬರುವವನಿದ್ದ. ಅದು ಇಳಿಯುವ ಗುರುತಿಗೆ ನಮ್ಮ ಜೋಳದ ಸುತ್ತಲೇ ಸುಣ್ಣದ ದುಂಡು ಗೆರೆ ಎಳೆದಿದ್ದರು.

ಗೌಡರು ತಹಶೀಲ್ದಾರರ ಜೊತೆ ಬಂದರು.

"ಅಯ್ಯಾ, ಸಂಜೀ ತನಕ ಬಿಡ್ರಿ," ಅತ್ತೆ ಕೈ ಮುಗಿದಳು. "ಇಷ್ಟುದ್ದ ಬೈಲೈತಿ. ಆ ತುದೀಗೆ ಇಳಿಸ್ಕಳ್ರಿ."

"ಮಂತ್ರಿಗಳು ಎಲ್ಲಿ ಇಳೀಬೇಕು ಅಂತ ಇವ್ಳು ಹೇಳ್ತಾಳೆ, ಕೇಳಿದ್ರಾ ಸಾಹೇಬ್ರೆ?" ಎಂದರು ಗೌಡರು. ತಹಶೀಲ್ದಾರರು ಮೂಗಿಗೆ ಕರವಸ್ತ್ರ ಹಿಡಿದೇ ನಕ್ಕರು. ಗೌಡರು ನಮ್ಮ ಕಡೆ ತಿರುಗಿದರು. "ಕಸ ತೆಗೀರೇ. ಹಂಗೇ ಬೈಲು ಗುಡಿಸಿ. ಎಲ್ರೂ ಉಂಡು ಮಿಕ್ಕಿದ್ದು ಹಾಕಿಸ್ತೀನಿ, ಪೆಂಡಾಲಿನ ಹಿಂದೆ ಬರ್ರಿ."

ಕಸ ಎಂದದ್ದು ನಮ್ಮ ಜೋಳಕ್ಕೆ. ಅತ್ತೆ ಏಳಲಿಲ್ಲ. ನಾವೂ ಏಳಲಿಲ್ಲ.

ನನ್ನ ಗಂಡ ಗುತ್ಯಪ್ಪ ಓಡಿ ಬಂದ. "ಅವ್ವಾ, ಪೋಲೀಸ್ರು ಅದಾರೆ. ಎದ್ ಬಾರವ್ವ."

"ಹೆದ್ರಿಕೆ ಆದ್ರೆ ನನ್ ಸೆರಗಿನಾಗ ಅಡಗ್ಕ," ಎಂದೆ ನಾನು. ಅಷ್ಟು ಜನರೆದುರು ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಅಲ್ಲೇ ನಿಂತ.

ಗುಡ್ಡದ ಮೇಲಿಂದ ಸದ್ದು ಕೇಳಿತು. ಪೋಲೀಸರು ಬಂದು ನಾಲ್ವರನ್ನೂ ರಟ್ಟೆ ಹಿಡಿದು ಎಳೆದರು. ಬಸವಣ್ಣೆಮ್ಮನ ರವಿಕೆ ಹರಿಯಿತು. ನಾವು ಬೇಲಿ ಮುಟ್ಟುವಷ್ಟರಲ್ಲಿ ಹೆಲಿಕಾಪ್ಟರ್ ನೆತ್ತಿಯ ಮೇಲಿತ್ತು.

ಆ ಗಾಳಿ! ಹದಿನೈದು ದಿನ ಆಯ್ದದ್ದು ಒಂದು ಗಳಿಗೆಯಲ್ಲಿ ಹಾರಿತು. ಕಾಳು ಕೆನ್ನೆಗೆ ಬಡಿಯಿತು, ಪೆಂಡಾಲಿಗೆ ನುಗ್ಗಿತು, ವೇದಿಕೆಯ ಕೆಂಪು ಜಮಖಾನದ ಮೇಲೆ ಉದುರಿತು. ಕೊಟ್ರೇಶ ಶಿಳ್ಳೆ ಹಾಕಿದ. ಮಂತ್ರಿ ಇಳಿದ, ಹಾರ ಹಾಕಿಸಿಕೊಂಡ, ಮೈಕಿನ ಮುಂದೆ ನಿಂತು ರೈತನೇ ದೇಶದ ಬೆನ್ನೆಲುಬು ಎಂದು ಶುರು ಮಾಡಿದ.

ನಾನು ಅಳುತ್ತಿದ್ದೆ. ಅತ್ತೆಯ ಕಣ್ಣು ಒಣಗಿದ್ದವು. ಸೀರೆ ಎತ್ತಿ ಕಟ್ಟಿ, ಖಾಲಿ ಚೀಲ ಕೈಗೆ ತೆಗೆದುಕೊಂಡಳು.

"ಕಾಳು ನೆಲಕ್ಕೆ ಬಿತ್ತಲ್ಲ. ಆಯ್ರೇ."

ಆಯುತ್ತಾ ಹೊರಟೆವು. ಬಯಲಿನಿಂದ ಪೆಂಡಾಲಿಗೆ, ಕುರ್ಚಿಗಳ ಸಂದಿಗೆ. ಬಗ್ಗಿ ಬರುವ ನಾಲ್ಕು ಹೆಂಗಸರನ್ನು ಫೋಟೋದವರ ಮುಂದೆ ಏನು ಮಾಡುವುದೆಂದು ಪೋಲೀಸರಿಗೂ ತಿಳಿಯಲಿಲ್ಲ. ಜನ ತಾವಾಗಿ ಕಾಲು ಎತ್ತಿಕೊಂಡರು. ಅತ್ತೆ ಒಂದೊಂದೇ ಕಾಳು ಹೆಕ್ಕುತ್ತಾ ವೇದಿಕೆಯ ಮೆಟ್ಟಿಲು ಹತ್ತಿದಳು. ಮಂತ್ರಿಯ ಮಾತು ನಿಂತಿತು.

ಗೌಡರ ಕುರ್ಚಿಯ ಮುಂದೆ ಅತ್ತೆ ಕುಕ್ಕರುಗಾಲಲ್ಲಿ ಕೂತಳು. ಅವರ ಚಪ್ಪಲಿಯ ಕೆಳಗೆ ಹಿಡಿಯಷ್ಟು ಕಾಳಿತ್ತು.

"ಕಾಲೆತ್ರಿ, ಗೌಡ್ರೆ."

ಗೌಡರು ಪಾದವನ್ನು ಒತ್ತಿ ಇಟ್ಟರು. ಕಾಳು ನುರಿಯುವ ಸದ್ದು ನನಗೂ ಕೇಳಿಸಿತು.

ಅತ್ತೆ ತಲೆ ಎತ್ತಿ ಅವರ ಮುಖ ನೋಡಿದಳು. ಮೈಕು ಪಕ್ಕದಲ್ಲೇ ಇತ್ತು.

"ಕಾಲೆತ್ತೋ, ಸದಾಶಿವಾ."