ಎಳ್ಳಿನ ಕಣ್ಣು

ಸುಮನಳ ಶ್ರೀಖಂಡಕ್ಕೆ ಗೋಕಾಕದಲ್ಲಷ್ಟೇ ಅಲ್ಲ, ಮೂಡಲಗಿ, ಹುಕ್ಕೇರಿಯ ಬೀಗರ ಮನೆಗಳಲ್ಲೂ ಹೆಸರಿತ್ತು. ಆ ಹೆಸರು ಪುಕ್ಕಟೆ ಬಂದದ್ದಲ್ಲ. ಗಟ್ಟಿ ಮೊಸರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿ, ನೀರೆಲ್ಲ ಸೋರಿದ ಮೇಲೆ ಉಳಿಯುವ ಚಕ್ಕಾವನ್ನು ಅವಳು ಅಂಗೈಯಿಂದ ತಿಕ್ಕಿ ತಿಕ್ಕಿ ಸೋಸುತ್ತಿದ್ದಳು. ಮಿಕ್ಸರ್ ಮುಟ್ಟುತ್ತಿರಲಿಲ್ಲ. ಕೇಸರಿ, ಯಾಲಕ್ಕಿ ಎಲ್ಲರೂ ಹಾಕುತ್ತಾರೆ. ಅವಳು ಕೊನೆಯಲ್ಲಿ ಸಾಣೆಕಲ್ಲಿನ ಮೇಲೆ ಹಾಲು ಬಿಟ್ಟು ಜಾಜಿಕಾಯಿ ತೇಯ್ದು, ಬೆರಳ ತುದಿಗೆ ಹತ್ತುವಷ್ಟನ್ನು ಸೇರಿಸುತ್ತಿದ್ದಳು. ಇದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಸದಾ ಕಾಲಿಗೆ ತೊಡರುತ್ತಿದ್ದ ಮಗಳು ತ್ರಿಶಲಾಳನ್ನು ಬಿಟ್ಟರೆ ಬೇರೆ ಯಾರೂ ನೋಡಿಯೂ ಇರಲಿಲ್ಲ.

ಇಂಥ ಮನೆಗೆ ಎರಡು ವರ್ಷದ ಹಿಂದೆ ಹುಕ್ಕೇರಿಯಿಂದ ಮಯೂರಿ ಕಿರಿಯ ಸೊಸೆಯಾಗಿ ಬಂದಳು. ಬ್ಯಾಂಕಿನಲ್ಲಿದ್ದ ಅಪ್ಪನ ಜೊತೆ ಊರೂರು ತಿರುಗಿ ಬೆಳೆದ ಹುಡುಗಿ. ಬಂದ ಹೊಸದರಲ್ಲಿ ಅವಳ ರೊಟ್ಟಿ ಹಂಚಿನ ಮೇಲೆಯೇ ಹರಿಯುತ್ತಿತ್ತು. ಸುಮನ ಅತ್ತೆಯ ಮುಂದೆ, "ಇರ್ಲಿ ಬಿಡ್ರಿ ಅತ್ತಿ, ಕಲೀತಾಳ," ಎಂದು ನೆಗೆಣ್ಣಿಯ ಪರ ವಹಿಸುತ್ತಿದ್ದಳು. ಆಗ ದೊಡ್ಡತನಕ್ಕೆ ಖರ್ಚೇ ಇರಲಿಲ್ಲ. ಹರಿದ ರೊಟ್ಟಿಯವಳ ಮೇಲೆ ಯಾರಿಗೆ ತಾನೆ ಹೊಟ್ಟೆಕಿಚ್ಚು ಬಂದೀತು?

ಕಿಚ್ಚು ಬಂದದ್ದು ಕಳೆದ ದೀಪಾವಳಿಗೆ. ಮಯೂರಿ ಮೊಬೈಲ್ ನೋಡಿ ಚೀಸ್‌ಕೇಕ್ ಪಾಪ್ ಎಂಬುದನ್ನು ಮಾಡಿದಳು. ಜೈನರ ಮನೆ, ಮೊಟ್ಟೆಯ ಮಾತೇ ಇಲ್ಲ, ಅಂಗಡಿಯ ಚೀಸಿನ ಮೇಲೂ ಅತ್ತೆ ತಾರಾಬಾಯಿಗೆ ಸಂಶಯ. ಅದಕ್ಕೆ ಆ ಹುಡುಗಿ ಚೀಸಿನ ಬದಲು ಚಕ್ಕಾ ತೆಗೆದುಕೊಂಡಳು. ಸುಮನ ಕಟ್ಟಿಟ್ಟ ಚಕ್ಕಾ. ಅದಕ್ಕೆ ಬಿಸ್ಕಿಟಿನ ಪುಡಿ, ಸಕ್ಕರೆ ಪುಡಿ ಕಲಸಿ, ಫ್ರಿಜ್‌ನಲ್ಲಿ ಬಿಗಿಯಾಗಿಸಿ, ಉಂಡೆ ಕಟ್ಟಿ, ಕಡ್ಡಿ ಚುಚ್ಚಿ, ಕರಗಿದ ಚಾಕಲೇಟಿನಲ್ಲಿ ಅದ್ದಿ ತೆಗೆದು, ಗಟ್ಟಿ ಬೆಲ್ಲದ ದೊಡ್ಡ ಪೆಂಟಿಯ ಮೇಲೆ ಸಾಲಾಗಿ ನೆಟ್ಟಳು. ಮೇಲೆ ಪಿಸ್ತಾ ಚೂರು, ಬೆಳ್ಳಿ ಗುಂಡು, ಗುಲಾಬಿ ಪಕಳೆ. ಮೂಡಲಗಿಗೆ ಕೊಟ್ಟ ನಾದಿನಿ ದೀಪಾ ಅದರ ಫೋಟೋ ತೆಗೆದು ಎಲ್ಲ ಬಳಗಕ್ಕೂ ಕಳಿಸಿದಳು. ಸಿಹಿಯೆಂದರೆ ಮೂಗು ಮುರಿಯುವ ತಾರಾಬಾಯಿ ಕೂಡ "ಕಡ್ಡಿ ಉಂಡಿ ಪಾಡ ಆಗೈತಿ" ಎಂದು ಮೆಚ್ಚಿ ಇನ್ನೊಂದಕ್ಕೆ ಕೈ ಚಾಚಿದರು.

ಅಂದಿನಿಂದ ಯಾರ ಫೋನ್ ಬಂದರೂ ಮಯೂರಿ ಏನು ಮಾಡಿದಳು ಎಂಬ ಪ್ರಶ್ನೆ. ಶ್ರೀಖಂಡವನ್ನು ಯಾರೂ ಬೈಯಲಿಲ್ಲ, ಅದೇ ಹೆಚ್ಚು ಉರಿಸಿತು, ಸುಮ್ಮನೆ ಮರೆತರು. ಚಕ್ಕಾ ನನ್ನದು, ಹೆಸರು ಅವಳದು ಎಂದು ಸುಮನ ಪಾತ್ರೆ ತಿಕ್ಕುವಾಗ, ಬಟ್ಟೆ ಒಣಹಾಕುವಾಗ, ದೇವರ ಮುಂದೆ ಕೈಮುಗಿದು ನಿಂತಾಗಲೂ ಅಂದುಕೊಂಡಳು. ಮಯೂರಿ "ಅಕ್ಕಾರ, ಹೆಂಗಾಗೇತ್ರಿ?" ಎಂದು ಎಷ್ಟು ಸಲ ಮುಂದೆ ಹಿಡಿದರೂ "ನನಗ ಹಲ್ಲ ಜುಮ್ ಅಂತಾವವಾ" ಎಂದು ಒಂದನ್ನೂ ತಿನ್ನಲಿಲ್ಲ. ಹಲ್ಲು ಗಟ್ಟಿಯಾಗಿಯೇ ಇದ್ದವು, ಕರದಂಟು ಕಡಿಯುವಷ್ಟು.

ಹೀಗಿರುವಾಗ ತ್ರಿಶಲಾಳ ಹುಟ್ಟುಹಬ್ಬ ಬಂತು. ಪ್ರತಿ ವರ್ಷ ಆ ದಿನ ದೊಡ್ಡ ಪಾತೇಲಿಯ ತುಂಬ ಶ್ರೀಖಂಡ. ಈ ವರ್ಷ ಮಗಳು ಶಾಲೆಯ ಚೀಲವನ್ನೂ ಇಳಿಸದೆ ಬಂದು ಹೇಳಿದಳು.

"ಮಮ್ಮಿ, ಈ ಸಲ ಶ್ರೀಖಂಡ ಬ್ಯಾಡ. ನೀ ಬರೇ ಚಕ್ಕಾ ಕಟ್ಟಿಕೊಡು. ನಾನೂ ಕಾಕೂನೂ ಕಡ್ಡಿ ಉಂಡಿ ಮಾಡ್ತೇವಿ. ಗಿಳಿ ಮಾಡ್ತೇವಿ, ಹಸರವು."

ಬಳಗದವರು ಮರೆತರೆ ಮರೆಯಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಆ ಕಡೆಗೇ ಹೋದಳಲ್ಲ ಎಂದುಕೊಂಡಳು ಸುಮನ. ಆದರೂ ಚಕ್ಕಾ ಕಟ್ಟಿದಳು. ಕಟ್ಟುವಾಗ ಬಟ್ಟೆಯನ್ನು ಸಿಟ್ಟಿನಿಂದ ಬಿಗಿಯಾಗಿ ಹಿಂಡಿದಳು. ಪಾಪ, ಆ ಮೊಸರಿನದೇನೂ ತಪ್ಪಿರಲಿಲ್ಲ.

ಹುಟ್ಟುಹಬ್ಬದ ದಿನ ತಾರಾಬಾಯಿ ಬಸದಿಗೆ ಹೋಗಿದ್ದರು. ಕಾಕು ಮಯೂರಿ ಮತ್ತು ಮಗಳು ಅಡುಗೆಮನೆ ಸೇರಿದರು. ಸುಮನ ನೀರಿಗೆಂದು ಹೋದರೆ ತ್ರಿಶಲಾ ಬಾಗಿಲಿಗೇ ಅಡ್ಡ ನಿಂತಳು.

"ಮಮ್ಮಿ, ನೀ ಒಳಗ ಬರಬ್ಯಾಡ."

"ನನ್ನ ಅಡಗಿಮನಿಗಿ ನಾ ಬರಬಾರದೇನ?"

"ಇವತ್ತೊಂದಿನ ಬ್ಯಾಡ."

ಬಾಗಿಲು ಮುಚ್ಚಿತು. ಹನ್ನೆರಡು ವರ್ಷದಿಂದ ಆಳಿದ ಅಡುಗೆಮನೆಯ ಹೊರಗೆ ಸುಮನ ಖಾಲಿ ತಂಬಿಗೆ ಹಿಡಿದು ನಿಂತಳು. ಒಳಗಿನಿಂದ ಇಬ್ಬರೂ ಕಿಸಿಕಿಸಿ ನಗುವುದು ಕೇಳಿಸಿತು. ಕಲ್ಲಿನ ಮೇಲೆ ಏನೋ ತಿಕ್ಕುವ ಸದ್ದೂ ಕೇಳಿಸಿತು. ಅದು ತನ್ನ ಸಾಣೆಕಲ್ಲು ಎಂದು ಅವಳಿಗೆ ಸದ್ದಿನಿಂದಲೇ ತಿಳಿಯಿತು. ಬಿಸ್ಕಿಟು ಅರೆಯಲು ಇವಳಿಗೆ ನನ್ನ ಸಾಣೆಕಲ್ಲೇ ಬೇಕಾಯಿತೇ ಎಂದು ಮೈಯೆಲ್ಲ ಉರಿಯಿತು. ಪಡಸಾಲೆಗೆ ಹೋಗಿ ಕುಳಿತಳು, ಎದ್ದಳು, ಮತ್ತೆ ಕುಳಿತಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆಯಿತು. ತ್ರಿಶಲಾ ಮೂಗಿನ ತುದಿಗೆ ಹಸಿರು ಚಾಕಲೇಟು ಮೆತ್ತಿಕೊಂಡು ಹೊರಗೆ ಬಂದಳು. ಹಿಂದೆ ಬೆಲ್ಲದ ಪೆಂಟಿಯ ಮೇಲೆ ಗಿಳಿಗಳ ಸಾಲು ಕಂಡಿತು. ಹಸಿರು ಬಣ್ಣ ಕಲಸಿದ ಬಿಳಿ ಚಾಕಲೇಟಿನ ಮೈ, ಕೆಂಪು ಟೂಟಿಫ್ರೂಟಿಯ ಕೊಕ್ಕು. ಚಂದವಾಗಿದ್ದವು, ಹಾಳಾಗಿ ಹೋಗಲಿ. ಕಣ್ಣು ಮಾತ್ರ ಇನ್ನೂ ಇರಲಿಲ್ಲ.

"ಮಮ್ಮಿ, ಕಣ್ಣ ಹಚ್ಚಿದ್ರ ನಡೀತೈತೇನ?" ಎಂದು ಮಗಳು ಮೆಲ್ಲಗೆ ಕೇಳಿದಳು. "ಗೌರಿ ಹುಣ್ಣಿಮಿಗಿ ಬಾಜೂ ಮನಿಯವರು ಸಕ್ಕರಿ ಆನಿ ಕೊಟ್ಟಾಗ ತಿನಬ್ಯಾಡ ಅಂದಿದ್ದಿಲ್ಲ ನೀ?"

ಹೌದು, ಅಂದಿದ್ದಳು. ಗೌರಿ ಹುಣ್ಣಿಮೆಗೆ ಊರಿನ ಹುಡುಗಿಯರೆಲ್ಲ ಸಕ್ಕರೆಯ ಆರತಿ ಹಿಡಿದು ಹೊರಡುತ್ತಾರೆ. ಸಕ್ಕರೆಯ ಆನೆ, ಕುದುರೆ, ನವಿಲು ಮನೆಮನೆಗೆ ಬರುತ್ತವೆ. ತಾರಾಬಾಯಿಯ ಮನೆಯಲ್ಲಿ ಅವುಗಳನ್ನು ಕಡಿಯುವಂತಿಲ್ಲ. ಸಕ್ಕರೆಯದಾದರೇನು, ಹಿಟ್ಟಿನದಾದರೇನು, ಜೀವದ ರೂಪ ಮಾಡಿ ಅದನ್ನು ಮುರಿದು ತಿಂದರೆ ಮನಸ್ಸಿನಲ್ಲಿ ಕೊಂದಂತೆಯೇ ಎಂದು ಅವರು ಬಿಸ್ಕಿಟಿನಲ್ಲಿ ಮೀನಿನ ಆಕಾರ ಕಂಡರೂ ಪೊಟ್ಟಣ ವಾಪಸು ಕಳಿಸುತ್ತಿದ್ದರು. ಸುಮನ ಕೊಣ್ಣೂರಿನ ತವರಿನಲ್ಲಿಯೂ ಇದನ್ನೇ ಕೇಳಿ ಬೆಳೆದವಳು. ಊರೂರು ತಿರುಗಿದ ಮಯೂರಿಗೆ ಈ ನೇಮ ಗೊತ್ತಿರಲಿಲ್ಲ.

ಕಣ್ಣಿಲ್ಲದಿದ್ದರೆ ಅವು ಇನ್ನೂ ಹಸಿರು ಉಂಡೆಗಳೇ. ಕೊಕ್ಕು ಕಿತ್ತರೆ ಮುಗಿಯಿತು. ಒಂದು ಮಾತು ಸಾಕಿತ್ತು. ಸುಮನ ಆ ಮಾತನ್ನು ನಾಲಿಗೆಯವರೆಗೆ ತಂದಳು. ಅಷ್ಟರಲ್ಲಿ ಮಯೂರಿ ಒಳಗಿನಿಂದ, "ತ್ರಿಶೂ, ಬಾ ಬಂಗಾರಿ, ಚಾಕಲೇಟ ಆರಾಕತ್ತೈತಿ," ಎಂದು ಕರೆದಳು. ಬಂಗಾರಿಯಂತೆ. ನನ್ನ ಮಗಳು ಇವಳ ಬಂಗಾರಿ.

"ನಡೀತೈತಿ, ಹಚ್ಚು," ಎಂದಳು ಸುಮನ. ಅಷ್ಟೇ ಅಲ್ಲ, ತಾನೇ ಕೈಚಾಚಿ ಬಾಗಿಲ ಪಕ್ಕದ ಗೋಡೆಯ ಮಾಡದಿಂದ ಕರಿ ಎಳ್ಳಿನ ಡಬ್ಬಿ ತೆಗೆದು ಮಗಳ ಕೈಗಿಟ್ಟಳು. "ಎಳ್ಳ ಹಚ್ಚು. ಖರೆ ಗಿಳಿ ಕಂಡಂಗ ಕಾಣ್ತಾವ."

ಮಗಳು ಒಂದು ಗಳಿಗೆ ಅಮ್ಮನ ಮುಖ ನೋಡಿ ಒಳಗೆ ಹೋದಳು. ಸುಮನಳಿಗೆ ಬಹಳ ದಿನದ ಮೇಲೆ ಹಸಿವಾಯಿತು. ತಟ್ಟೆಗೆ ಅವಲಕ್ಕಿ ಹಾಕಿಕೊಂಡು ಚೆನ್ನಾಗಿ ತಿಂದಳು.

ಸಂಜೆ ಮೂಡಲಗಿಯಿಂದ ದೀಪಾ ಬಂದಳು, ಬಾಜೂ ಮನೆಯವರು ಬಂದರು, ಬಸದಿಯಿಂದ ತಾರಾಬಾಯಿ ಬಂದರು. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ದೊಡ್ಡವರು ಏನೂ ಬಾಯಿಗೆ ಹಾಕುವುದಿಲ್ಲವಾದ್ದರಿಂದ ಎಲ್ಲವೂ ಬೇಗ ಆಗಬೇಕಿತ್ತು. ಆರತಿ ಆಯಿತು. ಮಯೂರಿ ಬೆಲ್ಲದ ಪೆಂಟಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ನಡುವೆ ಇಟ್ಟಳು. ದೀಪಾ ಫೋನ್ ತೆಗೆದಳು. ಎಲ್ಲರೂ ಬಗ್ಗಿ ನೋಡಿದರು.

ತಾರಾಬಾಯಿ ಕನ್ನಡಕ ಸರಿಮಾಡಿಕೊಂಡರು. ಗಿಳಿಗಳು ಎಳ್ಳಿನ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದವು.

"ಇವನ್ನ ಯಾರೂ ಬಾಯಾಗ ಇಡಬ್ಯಾಡ್ರಿ," ಎಂದರು. ದನಿ ಏರಿರಲಿಲ್ಲ. "ಮೈ ಮಾಡಿ, ಕಣ್ಣ ಇಟ್ಟು, ಆಮ್ಯಾಲ ತಲಿ ಕಡದ ತಿನ್ನೂದು ನಮ್ಮ ಮನ್ಯಾಗ ಇಲ್ಲ. ಮುರೀನೂ ಬ್ಯಾಡ್ರಿ. ಒಳಗ ಒಯ್ದ ಇಡ್ರಿ. ಕಣ್ಣ ಹಚ್ಚಿದವರು ಯಾರು?"

ತ್ರಿಶಲಾಳ ಬೆರಳಿಗೆ ಇನ್ನೂ ಎಳ್ಳು ಅಂಟಿತ್ತು. ಅವಳು ಕೈಯನ್ನು ಫ್ರಾಕಿನ ಹಿಂದೆ ಮುಚ್ಚಿಟ್ಟುಕೊಂಡು ಅಮ್ಮನ ಕಡೆ ನೋಡಿದಳು. ಸುಮನ ಕಾಯುತ್ತಿದ್ದ ಗಳಿಗೆ ಇದೇ. ಆದರೆ ಅವಳ ಲೆಕ್ಕದಲ್ಲಿ ಆ ಪ್ರಶ್ನೆ ಮಯೂರಿಯ ತಲೆಯ ಮೇಲೆ ಬೀಳಬೇಕಿತ್ತು, ಮಗಳು ತನ್ನನ್ನು ಹೀಗೆ ನೋಡುವುದು ಲೆಕ್ಕದಲ್ಲಿ ಇರಲಿಲ್ಲ. ಸುಮನ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

"ನಾನ ಹಚ್ಚೀನ್ರಿ ಅತ್ತಿ," ಎಂದಳು ಮಯೂರಿ. "ಹುಡುಗಿಗಿ ಏನೂ ಗೊತ್ತಿಲ್ಲ. ನನಗ ಇದು ತಿಳೀಲಿಲ್ರಿ, ತಪ್ಪಾತು."

ತಾರಾಬಾಯಿ ಬೈಯಲಿಲ್ಲ. "ಕೇಳಿದ್ರ ಹೇಳ್ತಿದ್ದೆ," ಎಂದಷ್ಟೇ ಅಂದರು. ಬೇರೆ ಸಿಹಿ ಮಾಡಲು ಹೊತ್ತು ಉಳಿದಿರಲಿಲ್ಲ. ಹುಟ್ಟುಹಬ್ಬದ ಮನೆಯಲ್ಲಿ ಬಂದವರೆಲ್ಲ ಉಪ್ಪಿಟ್ಟು ತಿಂದು ಒಬ್ಬರ ಮುಖ ಒಬ್ಬರು ನೋಡಿದರು. ಮಯೂರಿ ಪೆಂಟಿಯನ್ನು ಒಳಗೆ ಒಯ್ದು ಫ್ರಿಜ್‌ನಲ್ಲಿಟ್ಟಳು. ಸುಮನಳಿಗೆ ಖುಷಿಯಾಗಬೇಕಿತ್ತು. ಹುಡುಕಿದಳು, ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು ಹೊಟ್ಟೆಕಿಚ್ಚು. ನನ್ನ ಮಗಳನ್ನು ಕಾಯಬೇಕಾದವಳು ನಾನು, ಕಾದವಳು ಅವಳು.

ಸುಮನ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಬಿಸಿಲು ಗೋಡೆಯ ತುದಿಗೆ ಏರಿತ್ತು. ಹಿಂದಿನಿಂದ ತ್ರಿಶಲಾ ಬಂದಳು. ಕೈಯಲ್ಲಿ ಒಂದು ಕಡ್ಡಿ, ಅದರ ತುದಿಗೆ ಕಂದು ಚಾಕಲೇಟಿನ ಬರೀ ಉಂಡೆ. ಕೊಕ್ಕಿಲ್ಲ, ಕಣ್ಣಿಲ್ಲ, ಮೇಲೆ ಒಂದೇ ಒಂದು ಕೇಸರಿ ಎಸಳು.

"ಲಗೂನ ತಿನ್ನು ಮಮ್ಮಿ, ಹೊತ್ತ ಮುಳಗತೈತಿ."

"ಇದೆಲ್ಲಿತ್ತು?"

"ನಿನಗಂತ ಬ್ಯಾರೆ ಮಾಡಿ ಇಟ್ಟಿದ್ದೆ. ನಡೀತೈತಿ ಅಂತ ನೀ ಹೇಳಿದ್ರೂ, ಕಣ್ಣ ಇದ್ದದ್ದು ನೀ ತಿನ್ನೂದಿಲ್ಲ ಅಂತ ನನಗ ಗೊತ್ತಿತ್ತು."

ಹುಡುಗಿ ಕುಹಕ ಮಾಡುತ್ತಿರಲಿಲ್ಲ. ತನಗೆ ತಿಳಿದದ್ದನ್ನು ಹೇಳಿದಳು, ಅಷ್ಟೇ. ಸುಮನಳಿಗೆ ಮಗಳ ಮುಖ ನೋಡಲಾಗಲಿಲ್ಲ. ನೋಡುವುದನ್ನು ತಪ್ಪಿಸಲು ಉಂಡೆಯನ್ನು ಬಾಯಿಗಿಟ್ಟು ಕಚ್ಚಿದಳು.

ಚಾಕಲೇಟು ಪಟ್ಟನೆ ಒಡೆಯಿತು. ಒಳಗೆ ಬಿಸ್ಕಿಟಿನ ರುಚಿ ಬರಬೇಕಿತ್ತು. ಬಂದದ್ದು ಕೇಸರಿ, ಯಾಲಕ್ಕಿ, ಆಮೇಲೆ ಗಂಟಲ ಹತ್ತಿರ ಮೆಲ್ಲಗೆ ಜಾಜಿಕಾಯಿ. ಅಂಗೈಯಿಂದ ಸೋಸಿದ ಚಕ್ಕಾ, ಒಂದು ಗಂಟಿಲ್ಲ.

"ಇದನ್ನ ಯಾರು ಮಾಡಿದ್ರು?"

"ನಾನ. ನೀ ಮಾಡಿದಂಗ. ಬಿಸ್ಕಿಟ ಒಳಗ ಬ್ಯಾಡ, ಮಮ್ಮಿ ಶ್ರೀಖಂಡ ಇರ್ಲಿ ಅಂತ ಕಾಕೂಗ ಹೇಳಿದೆ. ಜಾಜಿಕಾಯಿ ತೇಯಾಕ ಕೈ ನೋವಾತು. ಎಲ್ಲಾ ಗಿಳಿಯೊಳಗೂ ಅದ ಐತಿ. ಕಚ್ಚಿದ ಮ್ಯಾಲ ಎಲ್ಲಾರೂ ನಿನ್ನ ಹೆಸರ ಹೇಳತಾರ ಅಂತ ನಾವು ಬಾಗಲಾ ಹಾಕ್ಕೊಂಡಿದ್ವಿ."

ಸುಮನ ಕಡ್ಡಿಯನ್ನು ಹಿಡಿದುಕೊಂಡೇ ಎದ್ದಳು. ಪಡಸಾಲೆಯಲ್ಲಿ ದೀಪಾ ಹೊರಡಲು ಚಪ್ಪಲಿ ಹುಡುಕುತ್ತಿದ್ದಳು. ತಾರಾಬಾಯಿ ತೂಗುಮಂಚದ ಮೇಲಿದ್ದರು. ಮಯೂರಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು, ಕಣ್ಣು ಕೆಂಪಾಗಿದ್ದವು.

"ಎಳ್ಳಿನ ಡಬ್ಬಿ ನಾ ತಗದ ಕೊಟ್ಟೀನ್ರಿ ಅತ್ತಿ," ಎಂದಳು ಸುಮನ. "ಹುಡುಗಿ ನನ್ನ ಕೇಳಿದ್ಲು. ಗೊತ್ತಿದ್ದೂ ನಡೀತೈತಿ ಅಂದೆ. ಮಯೂರಿ ಮ್ಯಾಲ ನನಗ ಹೊಟ್ಟಿಕಿಚ್ಚ ಇತ್ತು."

ದೀಪಾ ಚಪ್ಪಲಿ ಹುಡುಕುವುದನ್ನು ನಿಲ್ಲಿಸಿದಳು. ತೂಗುಮಂಚದ ಸರಪಳಿ ಕಿರ್ ಎಂದು ನಿಂತಿತು. ತಾರಾಬಾಯಿ ಹಿರಿಯ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಅವಳ ತುಟಿಯ ಮೇಲಿನ ಚಾಕಲೇಟನ್ನೂ ನೋಡಿದರು.

ಮಾತನಾಡಿದವಳು ಮಯೂರಿ. ತಟ್ಟೆಗಳನ್ನು ಕೆಳಗಿಟ್ಟು, ದೀಪಾವಳಿಯಿಂದ ಕೇಳುತ್ತಲೇ ಬಂದ ಮಾತನ್ನು ಈಗಲೂ ಕೇಳಿದಳು.

"ಹೆಂಗಾಗೇತ್ರಿ ಅಕ್ಕಾರ? ನಮ್ಮೊಳಗ ತಿಂದವ್ರು ನೀವೊಬ್ರ."

ಸುಮನ ಕೈಯಲ್ಲಿದ್ದ ಬರಿಗಡ್ಡಿಯನ್ನು ನೋಡಿದಳು. ಫ್ರಿಜ್‌ನ ಒಳಗೆ, ಯಾರೂ ಮುರಿಯಲಾರದ ಅಷ್ಟೂ ಗಿಳಿಗಳ ಹೊಟ್ಟೆಯಲ್ಲಿ, ಅವಳ ಶ್ರೀಖಂಡ ತಣ್ಣಗೆ ಕುಳಿತಿತ್ತು.

"ಪಾಡ ಆಗೈತಿ," ಎಂದಳು. ಅಷ್ಟು ಹೇಳಿ ಅಲ್ಲಿಯೇ ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.